ಹನ್ನೆರಡು ತಿಂಗಳ ಮಳೆಗಾಲ

ಮೊನ್ನೆ ಬೆಂಗಳೂರಿನಿಂದ ಒಬ್ಬ ಹುಡುಗಿ ಫೋನು ಮಾಡಿದಳು. "ಸರ್, ಕಾಪುವಿಗೆ ನಾವು ಫ್ರೆಂಡ್ಸೆಲ್ಲ ಬರ್ತಾ ಇದೀವಿ. ಮಳೇಲಿ ಸರ್ಫಿಂಗ್ ಇರಲ್ಲ ಅಂತ ಗೊತ್ತು. ರೇನಿ ಡೇ ಆಕ್ಟಿವಿಟೀಸ್ ಏನಾದ್ರೂ ಇದೆಯಾ ನಿಮ್ಮಲ್ಲಿ?"

"ಮಳೆ ನೋಡಬಹುದು," ಎಂದೆ.

"ಅದು ಬಿಟ್ಟು ಸರ್?"

"ಅದು ಬಿಟ್ಟರೆ, ಮಳೆ ಬಿಟ್ಟಿತಾ ಅಂತ ನೋಡಬಹುದು."

ಹುಡುಗಿ ನಕ್ಕು, ಆಮೇಲೆ ಹೇಳ್ತೀನಿ ಎಂದು ಫೋನಿಟ್ಟಳು. ಅವರು ಬರುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಗಿರಾಕಿಗಳನ್ನು ಕಡಲು ಓಡಿಸುವುದಿಲ್ಲ, ನನ್ನ ನಾಲಿಗೆ ಓಡಿಸುತ್ತದೆ ಎಂದು ಹೆಂಡತಿ ಶಶಿಕಲಾ ಹೇಳುವುದುಂಟು. ಸರ್ಫಿಂಗ್ ಕಲಿಸುವವನಿಗೆ ಬೇಕಾದದ್ದು ತೋಳಿನ ಬಲ ಎಂದು ನಾನು ತಿಳಿದಿದ್ದೆ. ಬೇಕಾದದ್ದು ನಗುಮುಖವಂತೆ.

ಆದರೆ ನಿಜ ಹೇಳುತ್ತೇನೆ, ಮಳೆಯ ದಿನ ಏನೇನು ಮಾಡಬಹುದು ಎಂಬ ವಿದ್ಯೆಯಲ್ಲಿ ಪಡುಬಿದ್ರಿಯಿಂದ ಉಡುಪಿಯವರೆಗೆ ನಮ್ಮಷ್ಟು ಪಳಗಿದ ಮನೆ ಇನ್ನೊಂದಿಲ್ಲ. ಊರಿಗೆಲ್ಲ ಮಳೆಗಾಲ ಬರುತ್ತದೆ, ಹೋಗುತ್ತದೆ. ನಮ್ಮ ಮನೆಗೆ ಕಳೆದ ವರ್ಷ ಬಂದದ್ದು ಹೋಗಲೇ ಇಲ್ಲ. ದೀಪಾವಳಿಗೂ ಮಳೆ, ಜನವರಿಯಲ್ಲೂ ಮಳೆ, ಏಪ್ರಿಲ್‌ನ ಬಿಸು ಹಬ್ಬದ ದಿನ ಊರೆಲ್ಲ ಬೆವರು ಒರೆಸಿಕೊಳ್ಳುವಾಗಲೂ ನಮ್ಮ ಮಾಡಿನಿಂದ ಧಾರಾಕಾರ ಮಳೆ. ನಂಬಿಕೆ ಬಾರದಿದ್ದರೆ ಬಂದು ನೋಡಿ, ಜಗಲಿಯ ತಗಡಿನ ಮೇಲೆ ಉದ್ದಕ್ಕೂ ತೂತು ಕೊರೆದ ಕಪ್ಪು ಪೈಪೊಂದು ಇನ್ನೂ ಬಿದ್ದುಕೊಂಡಿದೆ. ಮೊನ್ನೆ ಅದು ಕಣ್ಣಿಗೆ ಬಿತ್ತು, ಅದಕ್ಕೇ ಇಷ್ಟೆಲ್ಲ ನೆನಪಾಗುತ್ತಿದೆ.

ಇದೆಲ್ಲ ಆದದ್ದು ನನ್ನ ಸೋದರಮಾವನಿಗಾಗಿ. ನಮ್ಮದು ಅಳಿಯಕಟ್ಟಿನ ಮನೆ. ಅಂದರೆ ಮನೆಗೆ ಯಜಮಾನ ಅಪ್ಪನಲ್ಲ, ಅಮ್ಮನ ಅಣ್ಣ. ನನ್ನ ಅಪ್ಪ ಬೇಗ ಹೋದರು, ಅಮ್ಮ ಹೋಗಿಯೂ ವರ್ಷಗಳಾದವು. ಮದುವೆಯ ಗೋಜಿಗೇ ಹೋಗದ ಮಾವ, ಮಲ್ಪೆಯ ಬೋಟಿನಲ್ಲಿ ತಾಂಡೇಲರಾಗಿ ದುಡಿದು ನಮ್ಮನ್ನು ಸಾಕಿದರು. ತಾಂಡೇಲ ಎಂದರೆ ಬೋಟಿನ ಮುಖ್ಯಸ್ಥ. ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಿ ಬರಬೇಕು, ಎಲ್ಲ ಅವನ ಮಾತು. ಮಾವನ ಮಾತು ಬೋಟಿನಲ್ಲಿ ಹೇಗೆ ನಡೆಯುತ್ತಿತ್ತೋ ಮನೆಯಲ್ಲೂ ಹಾಗೆಯೇ ನಡೆಯುತ್ತಿತ್ತು.

ಚಿಕ್ಕಂದಿನಲ್ಲಿ ನನಗೆ ಮಾವ ಎಂದರೇ ಮಳೆಗಾಲ. ಉಳಿದ ತಿಂಗಳು ಅವರು ಕಡಲಿನವರು. ಮಳೆ ಶುರುವಾಗಿ ಬೋಟು ಬಂದ್ ಆಯಿತೆಂದರೆ ಮಾವ ಮನೆಗೆ ಬರುತ್ತಿದ್ದರು, ನಮಗೆ ಹಬ್ಬ. ಜಗಲಿಗೆ ತೆಂಗಿನ ಗರಿಯ ತಟ್ಟಿ ಕಟ್ಟಿ, ಅದರ ಹಿಂದೆ ಹರಿದ ಬಲೆಯ ರಾಶಿ ಹಾಕಿಕೊಂಡು ಕೂರುತ್ತಿದ್ದರು. ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿಯುವುದು ನನ್ನ ಕೆಲಸ. ಹೊಟ್ಟೆಗೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ ಪಲ್ಯ. ಸಂಜೆಗೆ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ. ಬಾಯಿ ಸುಟ್ಟುಕೊಳ್ಳದೆ ಅದನ್ನು ತಿಂದವನು ಈ ಊರಿನಲ್ಲಿ ಹುಟ್ಟಿಲ್ಲ. ಮಾವ ಹೇಳುತ್ತಿದ್ದ ಕಡಲಿನ ಕತೆಗಳಲ್ಲಿ ಮುಕ್ಕಾಲು ಪಾಲು ಸುಳ್ಳು ಎಂದು ಆಮೇಲೆ ತಿಳಿಯಿತು. ಒಂದು ಮಾತು ಮಾತ್ರ ಅವರು ನಗದೆ ಹೇಳುತ್ತಿದ್ದರು, "ಮಳೆ ಬಿದ್ದ ಮೇಲೆ ಕಡಲಿಗೆ ಇಳಿಯುವವನು ಗಟ್ಟಿಗ ಅಲ್ಲ ಮಗಾ, ಪೆದ್ದ."

ನಾಡದೋಣಿಯವರು ಮಳೆಗಾಲದಲ್ಲೂ ಮಳೆ ಬಿಡುವು ಕೊಟ್ಟ ಎಡೆ ನೋಡಿ ಇಳಿಯುತ್ತಾರೆ, ಅದು ಬೇರೆ. ಬೋಟಿನವರಿಗೆ ಮಳೆ ಎಂದರೆ ಬಂದ್, ಅಷ್ಟೆ.

ನಾನು ಬಲೆ ಬಿಟ್ಟು ಬೋರ್ಡು ಹಿಡಿದಾಗ ಮಾವ ಬೈಯಲಿಲ್ಲ. ದಡದಲ್ಲಿ ನಿಂತು ನೋಡಿ, "ಅಷ್ಟು ಕಷ್ಟಪಟ್ಟು ಒಳಗೆ ಹೋಗುವುದು, ಬರುವಾಗ ಒಂದು ಮೀನೂ ತರುವುದಿಲ್ಲ. ಇದೆಂತ ಉದ್ಯೋಗ ಮಾರಾಯ?" ಎಂದರು.

ಮರೆವು ಶುರುವಾದದ್ದು ಸಣ್ಣದಾಗಿ. ಊಟ ಮಾಡಿ ಕೈ ತೊಳೆದು ಬಂದು, ಊಟ ಆಯಿತಾ ಎಂದು ನಮ್ಮನ್ನೇ ಕೇಳುತ್ತಿದ್ದರು. ಸತ್ತುಹೋದ ನನ್ನ ಅಮ್ಮನನ್ನು ಬಾವಿಕಟ್ಟೆಯ ಕಡೆಗೆ ಮುಖ ಮಾಡಿ ಕರೆಯುತ್ತಿದ್ದರು. ಮಣಿಪಾಲದ ಡಾಕ್ಟರು, ಇದು ವಾಸಿಯಾಗುವ ಕಾಯಿಲೆ ಅಲ್ಲ, ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಹೋಗುತ್ತದೆ ಎಂದರು. ಅವರು ಹೇಳಿದ್ದು ಇಷ್ಟು ಸರಿಯಾಗಿ ನಡೆಯುತ್ತದೆಂದು ನಾನು ಎಣಿಸಿರಲಿಲ್ಲ.

ಕಳೆದ ವರ್ಷ ಮಳೆ ಬಿಟ್ಟು ನಮ್ಮ ಕ್ಲಾಸು ಶುರುವಾದ ಹೊಸತು. ಕಾಲೇಜು ಮಕ್ಕಳನ್ನು ಮರಳಿನಲ್ಲಿ ಬೋರ್ಡಿನ ಮೇಲೆ ಕವುಚಿ ಮಲಗಿಸಿ ಕೈ ಬೀಸುವುದನ್ನು ಕಲಿಸುತ್ತಿದ್ದೆ. ಇದ್ದಕ್ಕಿದ್ದಂತೆ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೇ ಇರಬೇಕೆಂದು ಒಂದು ಕ್ಷಣ ಎದೆಯುಬ್ಬಿಸಿದೆ. ತಿರುಗಿ ನೋಡಿದರೆ ಮಾವ! ನಮ್ಮ ಹಳದಿ ಬೋರ್ಡಿನ ಮೇಲೆ ಒಂದು ಮುದ್ದೆ ಬಲೆ ಹೇರಿ, ಸೊಂಟದವರೆಗೆ ನೀರಿನಲ್ಲಿ ನಿಂತು, ಎರಡು ತೆರೆಗಳ ನಡುವಿನ ಎಡೆ ನೋಡಿ ಮುಂದೆ ದೂಡುತ್ತಿದ್ದಾರೆ. ಆ ಎಡೆ ಹಿಡಿಯುವುದನ್ನು ನಾನು ಮಕ್ಕಳಿಗೆ ವಾರಗಟ್ಟಲೆ ಕಲಿಸಿದರೂ ಬರುವುದಿಲ್ಲ, ಮುದುಕ ಒಂದೇ ಸಲಕ್ಕೆ ಹಿಡಿದರು. ಓಡಿ ಹೋಗಿ ಕಂಕುಳಿಗೆ ಕೈ ಹಾಕಿ ಎಳೆದೆ.

"ಬೋಟು ಹೊರಡುವ ಹೊತ್ತಿಗೆ ಎಂತ ಎಳೆಯುವುದು ಉಮೇಶ? ಜನ ಕಾಯ್ತಾ ಇದ್ದಾರೆ," ಎಂದು ಮಾವ ರೇಗಿದರು.

ಮಾರನೆಯ ದಿನ ಗೇಟಿಗೆ ಬೀಗ ಹಾಕಿದೆ. ಮಾವ ಗೇಟನ್ನು ಹಿಡಿದು ಅಲುಗಾಡಿಸಿ, "ನಾನೆಂತ ಕದ್ದೆನಾ? ಯಾರ ಮನೆ ಹಾಳು ಮಾಡಿದೆ ಅಂತ ಕೂಡಿ ಹಾಕಿದ್ದೀರಿ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಕೊನೆಗೆ ಅಲ್ಲೇ ಕುಳಿತು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಶಶಿಕಲಾ ನನ್ನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಹೋಗಿ ತೆಗೆದಳು. ಆ ಮೇಲೆ ಅವರ ಹಿಂದೆ ಹಿಂದೆ ಓಡುವುದೇ ನಮ್ಮ ಕೆಲಸವಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಅಕಾಲದ ಮಳೆ ಹೊಯ್ಯಿತು. ಎಂದಿನಂತೆ ಹೊರಟು ನಿಂತಿದ್ದ ಮಾವ ಮೆಟ್ಟಿಲ ಮೇಲೆಯೇ ನಿಂತರು. ಆಕಾಶ ನೋಡಿದರು, ಲೊಚಗುಟ್ಟಿದರು. ಒಳಗೆ ಬಂದು ಕೂತು, "ಇವತ್ತು ಇಲ್ಲ. ಬಂದ್. ಬಲೆ ತಾ," ಎಂದರು. ನಾನು ಬಲೆ ತಂದು ಹಾಕಿದೆ. ಇಡೀ ದಿನ ಕೂತು ಶಾಂತವಾಗಿ ಬಲೆ ಕಟ್ಟಿದರು. ನನ್ನ ಹೆಸರು ಕರೆದರು, ಶಶಿಕಲಾಳ ಚಟ್ನಿಗೆ ಹುಳಿ ಸಾಲದು ಎಂದರು. ಮಳೆಯ ದಿನದ ಮಾವ ಪೂರ್ತಿ ಮಾವನೇ.

ಶಶಿಕಲಾ ಮಾಡಿನ ನೀರು ಬೀಳುವುದನ್ನೇ ನೋಡುತ್ತಾ, "ಈ ಮಳೆ ನಿಲ್ಲದಿದ್ದರೆ ಎಷ್ಟು ಒಳ್ಳೆಯದಿತ್ತು ಅಲ್ವಾ?" ಎಂದಳು. ಅವಳ ತವರು ಬಜಗೋಳಿ. ಅವಳ ಅಣ್ಣ ತರಕಾರಿ ತೋಟಕ್ಕೆ ಪೈಪು ಎಳೆದು ನೀರು ಚಿಮ್ಮಿಸುವವನು. ಮುಂದಿನ ವಾರವೇ ಬಂದು ತಗಡಿನ ಮೇಲೆ ಪೈಪು ಕಟ್ಟಿ, ಬಾವಿಯ ಪಂಪಿಗೆ ಜೋಡಿಸಿದ. ಜಗಲಿಯ ಸುತ್ತ ಮಳೆಗಾಲದ ಟಾರ್ಪಾಲು ಬಿಗಿದೆವು, ಬಿಸಿಲು ಕಾಣಬಾರದಲ್ಲ. ಸ್ವಿಚ್ಚು ಒತ್ತಿದರೆ ತಗಡಿನ ಮೇಲೆ ಭರೋ ಎನ್ನುವ ಸದ್ದು, ಟಾರ್ಪಾಲಿನ ಅಂಚಿನಿಂದ ಧಾರೆ. ಮಾವ ಎದ್ದರು, ಕೈ ಹೊರಗೆ ಚಾಚಿ ನೋಡಿದರು, ಲೊಚಗುಟ್ಟಿ ಬಂದು ಕೂತರು. ನಾನೂ ಶಶಿಕಲಾಳೂ ಅಡುಗೆಮನೆಯಲ್ಲಿ ಕೈ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಸುಳ್ಳು ಮಳೆಗೂ ಅಷ್ಟೆ. ಮಳೆ ಬರುವಾಗ ಬೀದಿಯಲ್ಲಿ ಜನ ಒಣಗಿಕೊಂಡು ಹೋಗುತ್ತಾರಾ? ಮಾವ ಟಾರ್ಪಾಲಿನ ಸಂದಿಯಲ್ಲಿ ನೋಡಿ ಕೇಳಿಯೇಬಿಟ್ಟರು, "ಅವನಿಗೆಂತ ಕೊಡೆ ಇಲ್ಲವಾ?" ಅವನು ಎಂದದ್ದು ಪಕ್ಕದ ಅಂಗಡಿಯ ಹಮೀದಾಕನನ್ನು. ಹಮೀದಾಕ ಗಲ್ಫಿನಿಂದ ತಿರುಗಿ ಬಂದು ಬೀಚಿನ ದಾರಿಯಲ್ಲಿ ಅಂಗಡಿ ಇಟ್ಟವರು, ಮಾವನ ಹಳೆಯ ಸ್ನೇಹಿತರು. ಸಂಗತಿ ತಿಳಿದ ಮೇಲೆ ಅವರು ನಮ್ಮ ಗೇಟಿನ ಹತ್ತಿರ ಬಂದೊಡನೆ ಕೊಡೆ ಬಿಚ್ಚಿ, ಲುಂಗಿ ಎತ್ತಿ ಕಟ್ಟಿ, ಇಲ್ಲದ ಕೆಸರು ದಾಟಿಕೊಂಡು ಹೋಗತೊಡಗಿದರು. "ಎಂತ ಮಳೆ ತಾಂಡೇಲರೇ! ಈ ವರ್ಷ ಬಿಡುವ ಲಕ್ಷಣ ಇಲ್ಲ," ಎಂದು ಒಂದು ಮಾತು ಬೇರೆ.

ಹಮೀದಾಕನನ್ನು ನೋಡಿ ಮೀನು ಮಾರುವ ಹೆಂಗಸರು ಕೊಡೆ ಬಿಚ್ಚಿದರು. ಅವರನ್ನು ನೋಡಿ ಶಾಲೆಯ ಮಕ್ಕಳು. ಕೊನೆಗೆ ಜನವರಿಯ ಬಿಸಿಲಿನಲ್ಲಿ ಲೈಟ್‌ಹೌಸ್ ನೋಡಲು ಬಂದ ಪ್ರವಾಸಿಗಳೂ, ಇದು ಇಲ್ಲಿಯ ಏನೋ ನಂಬಿಕೆ ಇರಬೇಕೆಂದು ನಮ್ಮ ಮನೆಯ ಮುಂದೆ ಭಯಭಕ್ತಿಯಿಂದ ತಲೆಗೆ ದುಪಟ್ಟಾ ಹಾಕಿಕೊಂಡು ಹೋಗುತ್ತಿದ್ದರು. ನಾನು ಒಂದು ಹುಂಡಿ ಇಟ್ಟಿದ್ದರೆ ತುಂಬುತ್ತಿತ್ತು.

ಊಟದ ಕತೆ ಕೇಳಬೇಡಿ. ಮಳೆಗಾಲ ಎಂದ ಮೇಲೆ ಅಂಜಲ್‌ನಂಥ ತಾಜಾ ಮೀನು ಎಲ್ಲಿಂದ ಬರಬೇಕು? ಬೋಟುಗಳು ತುಂಬಿ ಬರುತ್ತಿದ್ದ ದಿನಗಳಲ್ಲಿ, ಕಡಲಿನ ಬದಿಯ ನಮ್ಮ ಮನೆಯಲ್ಲಿ ಮಾತ್ರ ಒಣಮೀನಿನ ಚಟ್ನಿ. ತಡೆಯಲಾರದೆ ಒಂದು ಮಧ್ಯಾಹ್ನ ಪಡುಬಿದ್ರಿಗೆ ಹೋಗಿ ಹೋಟೆಲಿನಲ್ಲಿ ಅಂಜಲ್ ಹುರಿದದ್ದು ತಿಂದು, ಸೋಪು ಹಾಕಿ ಕೈ ತೊಳೆದು, ಎರಡು ಬಾಳೆಹಣ್ಣು ತಿಂದು ಮನೆಗೆ ಬಂದೆ. ಬಲೆಯ ತುದಿ ಹಿಡಿಯಲು ಕೈ ಚಾಚಿದ್ದೇ ತಡ, ಮಾವ ಮೂಗರಳಿಸಿದರು.

"ಅಂಜಲ್!"

"ಐಸಿನದ್ದು ಮಾವ."

"ಐಸಿನದ್ದಕ್ಕೆ ಈ ವಾಸನೆ ಇಲ್ಲ. ಎಲ್ಲಿ ಸಿಕ್ಕಿತು ಬಂದ್‌ನಲ್ಲಿ?"

"ಒಮಾನಿನಿಂದ ಬಂದದ್ದು ಮಾವ," ಎಂದುಬಿಟ್ಟೆ.

"ಅಲ್ಲಿ ಮಳೆ ಇಲ್ಲವಾ?"

"ಇಲ್ಲ."

ಮಾವ ಒಂದು ಗಂಟು ಬಿಗಿದು, "ಪುಣ್ಯವಂತರು," ಎಂದರು.

ಕರೆಂಟು ಹೋದರೆ ನಮ್ಮ ಮಳೆ ಗಕ್ಕನೆ ನಿಲ್ಲುತ್ತಿತ್ತು. "ಎಡೆ ಬಿಟ್ಟಿತು," ಎಂದು ಮಾವ ಏಳುವರು. ಶಶಿಕಲಾ ಏಣಿ ಹತ್ತಿ ಬಕೆಟ್ಟಿನಿಂದ ತಗಡಿಗೆ ನೀರೆರಚುವಳು. ಹಮೀದಾಕ ಅಂಗಡಿಯಿಂದಲೇ, "ತಾಂಡೇಲರೇ, ಪಡುವಣದಲ್ಲಿ ಕಪ್ಪು ಕಟ್ಟಿದೆ, ಹೊರಡಬೇಡಿ!" ಎಂದು ಕೂಗುವರು. ಏಪ್ರಿಲ್‌ನಲ್ಲಿ ಬಾವಿಯ ತಳ ಕಂಡಿತು. ಕುಡಿಯಲಿಕ್ಕೆ ನೀರಿಲ್ಲದಾಗ ಇವರು ಮಾಡಿಗೆ ಸ್ನಾನ ಮಾಡಿಸುತ್ತಾರೆ ಎಂದು ನೆರೆಯವರು ಮುಖ ತಿರುಗಿಸಿದರು. ಅವರದ್ದು ತಪ್ಪಲ್ಲ. ನಾವು ಪಾತ್ರೆ ತೊಳೆದ ನೀರನ್ನು ಸೋಸಿ ಮಳೆ ಬರಿಸಿದೆವು.

ನಗುತ್ತಾ ಬರೆಯುತ್ತಿದ್ದೇನೆ, ಆದರೆ ಆಗ ನನಗೆ ನಗು ಬರುತ್ತಿರಲಿಲ್ಲ. ಬೆಳಿಗ್ಗೆ ಕಡಲಿನಲ್ಲಿ ಮಕ್ಕಳಿಗೆ, ಹೆದರಬೇಡಿ, ಕಡಲು ಏನೂ ಮಾಡುವುದಿಲ್ಲ ಎಂದು ಹೇಳಿ ಮನೆಗೆ ಬಂದು, ಕಡಲಿನಲ್ಲೇ ಬದುಕಿದ ಮನುಷ್ಯನನ್ನು ಹೆದರಿಸಿ ಕೂರಿಸುತ್ತಿದ್ದೆ. ಎಲ್ಲಿಯವರೆಗೆ ಇದು ಎಂದು ಶಶಿಕಲಾಳನ್ನು ಕೇಳಿದರೆ, "ಮಳೆ ಎಂದರೆ ಕೂರಬೇಕು ಅಂತ ಅವರಿಗೆ ಗೊತ್ತಿರುವವರೆಗೆ," ಎನ್ನುತ್ತಿದ್ದಳು. ಉಳಿದದ್ದೆಲ್ಲ ಒಂದೊಂದಾಗಿ ಹೋಗುತ್ತಲೇ ಇತ್ತು. ಹಮೀದಾಕನ ಹೆಸರು ಹೋಯಿತು. ನನ್ನ ಹೆಸರು ಹೋಗಿ ಬರಿಯ "ಮಗಾ" ಉಳಿಯಿತು. ಹೊತ್ತು ಹೋಗಲೆಂದು ಶಶಿಕಲಾ ಅಟ್ಟದಿಂದ ಅಳಿಗುಳಿ ಆಡುವ ಚೆನ್ನೆಮಣೆ ಇಳಿಸಿದ್ದಳು. ನಡು ಮಳೆಗಾಲದ ಆಟಿ ತಿಂಗಳು ಬಿಟ್ಟು ಬೇರೆ ದಿನ ಚೆನ್ನೆ ಆಡಬಾರದು, ಮನೆಗೆ ಆಗುವುದಿಲ್ಲ ಎಂದು ಅವಳ ಅಮ್ಮ ಹೇಳುತ್ತಿದ್ದರಂತೆ. "ಇನ್ನೇನು ಆಗಲಿಕ್ಕೆ ಉಂಟು?" ಎಂದು ಅವಳೇ ಗುಳಿಗಳಿಗೆ ಕೆಂಪು ಕಾಯಿ ತುಂಬಿದಳು. ಮೊದಮೊದಲು ಮಾವ ಗೆಲ್ಲುತ್ತಿದ್ದರು. ಆಮೇಲೊಂದು ದಿನ ಕಾಯಿಗಳನ್ನು ಬಾಯಿಗೆ ಹಾಕಿಕೊಂಡರು. ಅವಳು ಬೆರಳು ಹಾಕಿ ತೆಗೆದು, ಮಣೆಯನ್ನು ತಿರುಗಿ ಅಟ್ಟಕ್ಕೆ ಹಾಕಿ, ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಆದರೂ ಮಳೆಯ ಸದ್ದಾದರೆ ಮಾವ ಕೂರುತ್ತಿದ್ದರು. ಬಲೆ ಕೊಟ್ಟರೆ ಬೆರಳುಗಳು ತಾವಾಗಿ ಗಂಟು ಹಾಕುತ್ತಿದ್ದವು. ಅಷ್ಟು ಉಳಿದಿದೆಯಲ್ಲ, ಅಷ್ಟರ ಮಟ್ಟಿಗೆ ಮಾವ ಇದ್ದಾರೆ ಎಂದು ನಾವು ಹಿಡಿದುಕೊಂಡಿದ್ದೆವು.

ಅಂತೂ ಜೂನ್ ಬಂತು, ನಿಜವಾದ ಮಳೆ ಬಂತು. ಪಂಪಿಗೆ ರಜೆ. ಹಮೀದಾಕನ ಕೊಡೆಗೆ ಕೊನೆಗೂ ಮರ್ಯಾದೆ. ನಮ್ಮ ಸುಳ್ಳಿನ ಭಾರವನ್ನು ಆಕಾಶವೇ ಹೊತ್ತುಕೊಂಡಿತು. ಬೀಚಿನಲ್ಲಿ ಕೆಂಪು ಬಾವುಟ, ನನಗೂ ಕ್ಲಾಸಿಲ್ಲ. ಬಹಳ ತಿಂಗಳ ನಂತರ ನಾವಿಬ್ಬರೂ ಮಧ್ಯಾಹ್ನ ಕಣ್ಣು ಮುಚ್ಚಿದೆವು. ಗೇಟು ಹಾರು ಹೊಡೆದಿದ್ದರೂ ಚಿಂತೆಯಿಲ್ಲ. ಮಳೆ ಇದೆಯಲ್ಲ, ಮಾವ ಎಲ್ಲಿಗೆ ಹೋಗುತ್ತಾರೆ?

ಆಟಿಯ ಒಂದು ಮಧ್ಯಾಹ್ನ ಪತ್ರೊಡೆ ಮಾಡಲು ಕೂತಿದ್ದೆವು. ಅವಳು ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಕೊಡುವುದು, ನಾನು ಸುರುಳಿ ಸುತ್ತುವುದು. ನನ್ನ ಸುರುಳಿ ಬಿಚ್ಚಿಕೊಳ್ಳುತ್ತಿತ್ತು, ಅವಳು ನಗುತ್ತಿದ್ದಳು. ಹೊರಗೆ ಆಕಾಶ ಕಡಿದು ಬೀಳುವ ಹಾಗೆ ಮಳೆ. ಅಷ್ಟರಲ್ಲಿ ಹಮೀದಾಕ ಕೊಡೆಯೂ ಇಲ್ಲದೆ ಓಡಿ ಬಂದು ಬಾಗಿಲಲ್ಲಿ ನಿಂತರು.

"ಉಮೇಶಾ, ತಾಂಡೇಲರು ಕಡಲಿನ ಹತ್ತಿರ!"

"ಈ ಮಳೆಯಲ್ಲಿ? ಇರಲಿಕ್ಕಿಲ್ಲ," ಎಂದೆ. ಹಾಗೆ ಹೇಳುತ್ತಲೇ ಎದ್ದು ಓಡುತ್ತಿದ್ದೆ.

ದಡಕ್ಕೆ ಹಾಕಿದ ಕಲ್ಲುಗಳನ್ನು ದಾಟಿ ಮಾವ ನಿಂತಿದ್ದರು. ಮೊಣಕಾಲಿನವರೆಗೆ ನೊರೆ. ಆಟಿಯ ಕಡಲನ್ನು ನೀವು ನೋಡಿರಬಹುದು, ಕೆಸರು ಬಣ್ಣ, ಎದೆ ನಡುಗಿಸುವ ಮೊರೆತ. ಹಿಂದಿನಿಂದ ಸೊಂಟಕ್ಕೆ ಕೈ ಹಾಕಿ ಕಲ್ಲಿನ ಮೇಲೆ ಎಳೆದುಕೊಂಡೆ. ಅವರು ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು.

"ಮಳೆ ಮಾವ! ಮಳೆ ಬರ್ತಾ ಉಂಟು! ಬಂದ್ ಅಲ್ವಾ?" ಎಂದು ಕೂಗಿದೆ.

ಮಾವ ನನ್ನ ಮುಖ ನೋಡಿದರು. ಗೊತ್ತಿಲ್ಲದ ಊರಿನಲ್ಲಿ ಬಸ್ಸು ಇಳಿದವರು ದಾರಿ ವಿಚಾರಿಸುವ ದನಿಯಲ್ಲಿ, "ಬಂದ್ ಅಂದರೆ ಎಂತ?" ಎಂದರು.

ನಾನು ಅವರ ಅಂಗೈಯನ್ನು ಬಿಡಿಸಿ ಆಕಾಶಕ್ಕೆ ಹಿಡಿದೆ. "ನೋಡಿ, ಮಳೆ." ಅಂಗೈಯಲ್ಲಿ ತುಂಬಿದ್ದನ್ನು ಮಾವ ನೋಡಿದರು.

"ನೀರು," ಎಂದರು.

ಮನೆಯವರೆಗೆ ಕೈ ಹಿಡಿದುಕೊಂಡು ಬಂದೆವು. ಹಮೀದಾಕ ಹಿಂದಿನಿಂದ ಬಂದರು. ಶಶಿಕಲಾ ಜಗಲಿಯಲ್ಲಿ ಕೂರಿಸಿ ತಲೆ ಒರೆಸಿದಳು, ಒಣ ಬಟ್ಟೆ ಉಡಿಸಿದಳು. ನಾನು ಬಲೆ ತಂದು ತೊಡೆಯ ಮೇಲೆ ಹಾಕಿದೆ. ಅವರು ಅದನ್ನು ಮುಟ್ಟಲಿಲ್ಲ. ಕಂಬಕ್ಕೆ ಮುಖ ಕೊಟ್ಟು ನಾನು ಸಣ್ಣ ಮಗುವಿನ ಹಾಗೆ ಅತ್ತೆ. ಅಷ್ಟು ತಿಂಗಳು ಮಳೆ ಬರಿಸಿದ್ದು ಯಾವ ಮನುಷ್ಯನಿಗಾಗಿಯೋ, ಆ ಮನುಷ್ಯ ಎದುರಿಗೇ ಕೂತಿದ್ದರೂ ಇಲ್ಲ. ಇನ್ನು ಯಾವ ಉಪಾಯವೂ ನನ್ನಲ್ಲಿ ಉಳಿದಿರಲಿಲ್ಲ.

"ಮಗಾ," ಎಂದು ಮಾವ ಕರೆದರು. "ಇದೆಂತ ಶಬ್ದ?"

"ಮಳೆ ಮಾವ."

"ಅದಲ್ಲ. ಅದರ ಹಿಂದೆ ಉಂಟಲ್ಲ, ಅದು."

ಕಿವಿಗೊಟ್ಟೆ. ಹುಟ್ಟಿದಂದಿನಿಂದ ನಮ್ಮ ಮನೆಯಲ್ಲಿ ಯಾರೂ ಅದನ್ನು ಶಬ್ದ ಎಂದು ಕೇಳಿಸಿಕೊಂಡವರಲ್ಲ.

"ಅದು ಕಡಲು ಮಾವ."

"ಯಾವಾಗ ನಿಲ್ಲುತ್ತದೆ?"

ಶಶಿಕಲಾ ತಲೆ ಒರೆಸಿದ ಬೈರಾಸಿನಲ್ಲೇ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಈಗ ನಿಲ್ಲುತ್ತದೆ ಮಾವ," ಎಂದೆ.

ಅವರು ತಲೆಯಾಡಿಸಿದರು. ನನ್ನ ಮಾತು ನಂಬಿ, ಕೈ ಕಟ್ಟಿ, ಅದು ನಿಲ್ಲುವುದನ್ನು ಕಾಯುತ್ತಾ ಕುಳಿತರು.